ನಂಬಿಕೆ, ವಿಶ್ವಾಸ, ಶ್ರದ್ಧೆ: ಕನ್ನಡ ಕ್ರೈಸ್ತವಾಙ್ಮಯದಲ್ಲಿ ಮುಕ್ತಿಪರಿಭಾಷೆಯ ವಿಮರ್ಶೆ

೧

ಪರದೇಶದಲ್ಲಿ ಹುಟ್ಟಿದ ಮತಸಿದ್ಧಾಂತವೊಂದು ಕನ್ನಡಕ್ಕೆ ಬರುವಾಗ ಅದಕ್ಕೆ ಬೇಕಾದ ಪ್ರಧಾನಶಬ್ದಗಳಿಗೆ ಇಲ್ಲಿ ಆಗಲೇ ಬೇರೆ ಒಡೆಯರಿರುತ್ತಾರೆ. ಭಕ್ತಿ, ಪ್ರಸಾದ, ಕರ್ಮ, ಮೋಕ್ಷ, ಶರಣು ಎಂಬ ಒಂದೊಂದು ಮಾತಿನ ಹಿಂದೆಯೂ ವೀರಶೈವರ, ಶ್ರೀವೈಷ್ಣವರ, ಮಾಧ್ವರ, ಸ್ಮಾರ್ತರ, ಜೈನರ ನೂರಾರು ವರ್ಷಗಳ ವ್ಯಾಖ್ಯಾನಪರಂಪರೆ ನಿಂತಿದೆ. ಕ್ರೈಸ್ತಮತದ ಹೃದಯವೆನಿಸಿದ, ನಂಬಿಕೆಯೊಂದರಿಂದಲೇ ಮನುಷ್ಯನಿಗೆ ರಕ್ಷಣೆ ಎಂಬ ವಾದವನ್ನು ಕನ್ನಡದಲ್ಲಿ ಹೇಳಹೊರಟವರು ಈ ಶಬ್ದಗಳಲ್ಲಿ ಯಾವುದನ್ನು ಕೈಗೊಂಡರು, ಯಾವುದನ್ನು ಬಿಟ್ಟರು, ಅದರಿಂದ ಅರ್ಥಕ್ಕೆ ಉಂಟಾದ ಲಾಭವೆಷ್ಟು, ನಷ್ಟವೆಷ್ಟು ಎಂಬುದು ಸಾಹಿತ್ಯವಿಮರ್ಶೆಗೆ ತಕ್ಕ ವಿಷಯವಾಗಿದೆ. ಆದರೂ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಪಾದ್ರಿಗಳ ನಿಘಂಟು, ವ್ಯಾಕರಣ, ವೃತ್ತಪತ್ರಿಕೆ, ಅಚ್ಚುಕೂಟಗಳಿಗೆ ದೊರೆತ ಮನ್ನಣೆಯು ಅವರು ಯಾವ ಗ್ರಂಥಕ್ಕಾಗಿ ಇಷ್ಟೆಲ್ಲವನ್ನೂ ಕೈಕೊಂಡರೋ ಆ ಗ್ರಂಥದ ಕನ್ನಡಕ್ಕೆ ದೊರೆತಿಲ್ಲ. 'ಪಾದ್ರಿಗಳ ಕನ್ನಡ' ಎಂಬ ಒಂದೇ ಮಾತಿನಿಂದ ಅದನ್ನು ಪಕ್ಕಕ್ಕೆ ಸರಿಸುವುದು ವಾಡಿಕೆಯಾಗಿದೆ. ಈ ವಾಡಿಕೆ ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ನಾಲ್ಕಾರು ಶಬ್ದಗಳನ್ನು ಹಿಡಿದು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶಬ್ದಪರೀಕ್ಷೆಗೆ ನಿಘಂಟು ಸಾಲದು. ಕೇಳುವ ಕಿವಿಯೂ ಬೇಕು. ಬೆಂಗಳೂರಿನ ಸುತ್ತಣ ಸೀಮೆ, ಎಂದರೆ ೧೯೮೬ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯೆಂದು ಬೇರ್ಪಟ್ಟ ಪ್ರದೇಶದಲ್ಲಿನ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳು ಈ ಪರೀಕ್ಷೆಗೆ ಒಪ್ಪುವ ನೆಲ. ನೆಲಮಂಗಲದ ಕಡೆ ಶಿವಗಂಗೆಯ ಶೈವಕ್ಷೇತ್ರ, ದೊಡ್ಡಬಳ್ಳಾಪುರದ ಕಡೆ ಘಾಟಿಯ ಸುಬ್ರಹ್ಮಣ್ಯ, ದೇವನಹಳ್ಳಿಯ ಕೋಟೆಯೊಳಗೆ ವೇಣುಗೋಪಾಲಸ್ವಾಮಿ, ಹೊಸಕೋಟೆಯಲ್ಲಿ ಅವಿಮುಕ್ತೇಶ್ವರ. ಕನ್ನಡದ ಜೊತೆಗೆ ತೆಲುಗನ್ನೂ ತಮಿಳನ್ನೂ ಕೇಳಿ ಬಲ್ಲ ಜನ. ಕ್ರೈಸ್ತರ ಸಂಪರ್ಕವೂ ಈ ಭಾಗಕ್ಕೆ ಹೊಸದಲ್ಲ. ೧೭ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಯೇಸುಸಭೆಯ ಚಿನ್ನಾಮಿ ಪಾದ್ರಿಗಳಿಂದ ಮೈಸೂರು ಸೀಮೆಯ ಮಿಷನ್ನು ಮೊದಲಾಯಿತು. ೧೭೦೯ರಲ್ಲಿ ಅದೇ ಸಭೆಯ ಫ್ರೆಂಚ್ ಪಾದ್ರಿ ಲೆ ಗಾಕ್ ಎಂಬವರು ಚಿಕ್ಕಬಳ್ಳಾಪುರದಿಂದ ತಮ್ಮ ದೇಶಕ್ಕೆ ಕಾಗದ ಬರೆದುದುಂಟು. ಬೆಂಗಳೂರಿನಿಂದ ಆ ಊರಿಗೆ ಹೋಗುವ ದಾರಿ ದೇವನಹಳ್ಳಿಯನ್ನು ಹಾದೇ ಹೋಗುತ್ತದೆ. ೧೮೨೦ರಲ್ಲಿ ಲಂಡನ್ ಮಿಷನ್ನಿನವರು ಬೆಂಗಳೂರಿನಲ್ಲಿ ನೆಲೆಯೂರಿದರು; ಅವರ ಬೆನ್ನಿಗೆ ವೆಸ್ಲಿಯನ್ನರು ಬಂದರು. ಹೀಗೆ ಕಥೋಲಿಕರು, ಪ್ರಾಟೆಸ್ಟಂಟರು ಎಂಬ ಎರಡು ಪಂಥಗಳೂ ಒಂದೇ ಸೀಮೆಯಲ್ಲಿ ಬೇರೂರಿದುದರಿಂದ ಒಂದೇ ತತ್ತ್ವಕ್ಕೆ ಎರಡು ಪರಿಭಾಷೆಗಳು ಏರ್ಪಟ್ಟವು. ಪ್ರಾಟೆಸ್ಟಂಟರು ನಂಬಿಕೆ, ಕೃಪೆ, ರಕ್ಷಣೆ ಎನ್ನುವ ಕಡೆ ಕಥೋಲಿಕರು ವಿಶ್ವಾಸ, ವರಪ್ರಸಾದ, ಉದ್ಧಾರ ಎನ್ನುತ್ತಾರೆ. ಈ ಭೇದವು ಕೇವಲ ರುಚಿಭೇದವೇ, ಅರ್ಥಭೇದವೂ ಹೌದೇ ಎಂಬುದು ವಿಚಾರಣೀಯವಾಗಿದೆ.

೨

ಮೊದಲು ಸಿದ್ಧಾಂತವನ್ನು ಅದರವರ ಅಭಿಪ್ರಾಯದಂತೆಯೇ ಹೇಳಬೇಕು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಿಕೆಗಳಲ್ಲಿ ಈ ವಾದ ನಿಂತಿದೆ. ಅದರ ಸಾರವಿಷ್ಟು: ಮನುಷ್ಯರೆಲ್ಲರೂ ಪಾಪಕ್ಕೆ ಒಳಪಟ್ಟವರು, ಮೋಶೆಯ ಧರ್ಮಶಾಸ್ತ್ರವು ವಿಧಿಸಿದ ಕರ್ಮಗಳನ್ನು ನಡಸುವುದರಿಂದ ಯಾವನೂ ದೇವರ ಮುಂದೆ ನಿರ್ದೋಷಿಯಾಗಲಾರನು, ಶಿಲುಬೆಯ ಮೇಲೆ ಸತ್ತು ಎದ್ದುಬಂದ ಕ್ರಿಸ್ತನನ್ನು ನಂಬುವವನನ್ನು ದೇವರು ತನ್ನ ಕೃಪೆಯಿಂದಲೇ ನಿರ್ದೋಷಿಯೆಂದು ಎಣಿಸುತ್ತಾನೆ. ಇಲ್ಲಿ ಗ್ರೀಕ್ ಮೂಲದ ಎರಡು ಶಬ್ದಗಳು ಮುಖ್ಯ. 'ಪಿಸ್ತಿಸ್' ಎಂದರೆ ನೆಚ್ಚಿಕೆ, ನಂಬುಗೆ, ಜೊತೆಗೆ ಕೊಟ್ಟ ಮಾತಿಗೆ ತಪ್ಪದಿರುವ ಗುಣ. 'ದಿಕಾಯೊಸುನೆ' ಎಂದರೆ ನ್ಯಾಯ, ಋಜುತ್ವ. ಅದರಿಂದಾದ ಕ್ರಿಯಾಪದಕ್ಕೆ ನ್ಯಾಯಾಧಿಪತಿಯು ಒಬ್ಬನನ್ನು ನಿರ್ದೋಷಿಯೆಂದು ತೀರ್ಪುಕೊಡುವುದೆಂಬ ಅರ್ಥವುಂಟು.

ಈ ವಾದದ ಇತಿಹಾಸದಲ್ಲಿಯೂ ಭಾಷಾಂತರದ ಒಂದು ಪದವೇ ದೊಡ್ಡ ಜಗಳಕ್ಕೆ ಎಡೆಕೊಟ್ಟಿತು. ಜರ್ಮನಿಯ ಲೂಥರನು ೧೫೨೨ರಲ್ಲಿ ಹೊಸ ಒಡಂಬಡಿಕೆಯನ್ನು ತನ್ನ ಭಾಷೆಗೆ ತಿರುಗಿಸುವಾಗ ರೋಮಾಪುರದವರ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಮೂಲದಲ್ಲಿಲ್ಲದ 'ಮಾತ್ರ' ಎಂಬರ್ಥದ ಪದವನ್ನು ಸೇರಿಸಿದನು. ಆಕ್ಷೇಪಗಳು ಎದ್ದಾಗ ೧೫೩೦ರಲ್ಲಿ ಅವನು ಕೊಟ್ಟ ಸಮಾಧಾನ ಭಾಷಾಂತರಕಾರರೆಲ್ಲರೂ ನೆನೆಯತಕ್ಕದ್ದು: ಒಂದನ್ನು ಅಲ್ಲಗಳೆದು ಇನ್ನೊಂದನ್ನು ಹೇಳುವಾಗ ಜರ್ಮನರ ಮಾತಿನ ವಾಡಿಕೆಯೇ ಆ ಪದವನ್ನು ಬೇಡುತ್ತದೆ ಎಂಬುದು ಅವನ ವಾದ. ಕನ್ನಡದಲ್ಲಿ ಈ ಕೆಲಸವನ್ನು ಏಕಾರವೊಂದೇ ಮಾಡುತ್ತದೆ. 'ನಂಬಿಕೆಯಿಂದ' ಎಂಬುದಕ್ಕೂ 'ನಂಬಿಕೆಯಿಂದಲೇ' ಎಂಬುದಕ್ಕೂ ಇರುವ ಅಂತರವು ಒಂದಕ್ಷರದ್ದು. ಆ ಅಕ್ಷರದೊಳಗೆ ಐರೋಪ್ಯ ಕ್ರೈಸ್ತಮತದ ಒಡಕು ಅಡಗಿದೆ. ೧೫೪೭ರಲ್ಲಿ ಟ್ರೆಂಟಿನ ಮಹಾಸಭೆಯು ಈ ಅವಧಾರಣೆಯನ್ನು ನಿರಾಕರಿಸಿ, ವಿಶ್ವಾಸವು ಮೊದಲ ಮೆಟ್ಟಲಾದರೂ ಪ್ರೀತಿಯೂ ಸತ್ಕ್ರಿಯೆಯೂ ಅದರೊಡನೆ ಇರಬೇಕೆಂದು ವಿಧಿಸಿತು. ಯಾಕೋಬನ ಪತ್ರಿಕೆಯು ಕ್ರಿಯೆಯಿಲ್ಲದ ನಂಬಿಕೆಯನ್ನು ಸತ್ತದ್ದೆಂದು ಕರೆದಿರುವುದು ಈ ಪಕ್ಷಕ್ಕೆ ಆಧಾರ. ನಾಲ್ಕೂವರೆ ಶತಮಾನಗಳ ಅನಂತರ, ೧೯೯೯ನೆಯ ಅಕ್ಟೋಬರ್ ೩೧ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ ಪಂಥದವರ ಲೋಕಸಂಘವೂ ಕಥೋಲಿಕರೂ ಈ ವಿಷಯದಲ್ಲಿ ಮೂಲತತ್ತ್ವವು ಇಬ್ಬರಿಗೂ ಸಮಾನವೆಂಬ ಘೋಷಣೆಗೆ ಒಪ್ಪಿ ಸಹಿ ಹಾಕಿದರು.

೩

ಇನ್ನು ಕನ್ನಡದ ಮಾತು. ಬಳ್ಳಾರಿಯ ಹ್ಯಾಂಡ್ಸ್ ಪಾದ್ರಿಗಳ ಪರಿಶ್ರಮದಿಂದ ೧೮೩೧ರ ವೇಳೆಗೆ ಬೈಬಲು ಪೂರ್ಣವಾಗಿ ಕನ್ನಡಕ್ಕೆ ಬಂದಿತು. ಆಮೇಲೆ ಅದು ಪರಿಷ್ಕಾರಗಳನ್ನು ಪಡೆಯಿತು. ಬಾಸೆಲ್ ಮಿಷನ್ನಿನ ವೈಗ್ಲೆ ಮುಂತಾದವರು ಅದರಲ್ಲಿ ದುಡಿದರು. ಹೀಗೆ ತಿದ್ದಿ ರೂಢವಾದ ಪ್ರಾಟೆಸ್ಟಂಟರ ಸತ್ಯವೇದದಲ್ಲಿ 'ಪಿಸ್ತಿಸ್' ಎಂಬುದಕ್ಕೆ ನಿಂತ ಶಬ್ದ 'ನಂಬಿಕೆ'. ಇದರ ವೈಶಿಷ್ಟ್ಯವು ನೆರೆಯ ಭಾಷೆಗಳೊಡನೆ ಹೋಲಿಸಿದಾಗ ತಿಳಿಯುತ್ತದೆ. ತಮಿಳಿನವರು 'ವಿಸುವಾಸಂ' ಎಂದರು. ತೆಲುಗಿನವರು 'ವಿಶ್ವಾಸಮು' ಎಂದರು. ಮಲಯಾಳದವರು 'ವಿಶ್ವಾಸಂ' ಎಂದರು. 'ನಂಬು' ಎಂಬ ಧಾತು ಈ ಭಾಷೆಗಳಲ್ಲಿಯೂ ಇದ್ದರೂ ಅಲ್ಲಿ ಸಂಸ್ಕೃತಶಬ್ದವೇ ಪರಿಭಾಷೆಯಾಯಿತು. ದಕ್ಷಿಣದ ನಾಲ್ಕು ಭಾಷೆಗಳಲ್ಲಿ ಅಚ್ಚ ದೇಶ್ಯಧಾತುವನ್ನೇ ಈ ಸ್ಥಾನಕ್ಕೆ ಏರಿಸಿದ ಕೀರ್ತಿ ಕನ್ನಡ ಸತ್ಯವೇದದ್ದು. ಹೊಸಕೋಟೆಯ ಸಂತೆಯಲ್ಲಿ ಮೂರು ಭಾಷೆಗಳೂ ಕಿವಿಗೆ ಬೀಳುವಾಗ ಈ ವಿಶೇಷವನ್ನು ಗುರುತಿಸುವುದು ಕಷ್ಟವಲ್ಲ.

ಈ ಆಯ್ಕೆಯ ಗುಣವು ಎರಡು ಬಗೆಯದು. ಮೊದಲನೆಯದು ಶಬ್ದಕುಟುಂಬದ ಗುಣ. ಗ್ರೀಕಿನಲ್ಲಿ ನಂಬುವವನಿಗೂ ನಂಬತಕ್ಕವನಿಗೂ ಒಂದೇ ಮೂಲದ ಶಬ್ದಗಳಿವೆ. ಕನ್ನಡದಲ್ಲಿ ನಂಬು, ನಂಬಿಕೆ, ನಂಬಿಗಸ್ತ ಎಂಬವು ಹಾಗೆಯೇ ಒಂದೇ ಬೇರಿನಿಂದ ಬಂದವು. ದೇವರು ನಂಬಿಗಸ್ತನಾದುದರಿಂದ ಮನುಷ್ಯನು ನಂಬುತ್ತಾನೆಂಬ ವಾದದ ಹೆಣಿಗೆಯು ಭಾಷಾಂತರದಲ್ಲಿ ಬಿಚ್ಚಿಹೋಗದೆ ಉಳಿಯಿತು. ಎರಡನೆಯದು ಲೋಕವ್ಯವಹಾರದ ಗುಣ. ದೊಡ್ಡಬಳ್ಳಾಪುರದಂಥ ನೇಯ್ಗೆಯ ಊರಿನಲ್ಲಿ 'ನಂಬಿಕೆಯ ಮೇಲೆ ನೂಲು ಕೊಟ್ಟರು' ಎಂದರೆ ಅದು ಮನಸ್ಸಿನೊಳಗಣ ಒಂದು ಅಭಿಪ್ರಾಯವಲ್ಲ. ಪತ್ರವಿಲ್ಲದೆ, ಅಡವಿಲ್ಲದೆ ಒಬ್ಬನು ಇನ್ನೊಬ್ಬನ ಕೈಗೆ ತನ್ನ ಸೊತ್ತನ್ನು ಒಪ್ಪಿಸುವ ಕ್ರಿಯೆ. ಪೌಲನು ಹೇಳುವ ನಂಬಿಕೆಯೂ ಇಂಥ ಒಪ್ಪಿಸುವಿಕೆಯೇ ಹೊರತು 'ದೇವರುಂಟು' ಎಂಬ ಸಮ್ಮತಿಮಾತ್ರವಲ್ಲ. ಈ ಅರ್ಥವನ್ನು ತಿಳಿಸಲು ವ್ಯಾಖ್ಯಾನ ಬೇಕಾಗಿಲ್ಲ, ಶಬ್ದವೇ ತಿಳಿಸುತ್ತದೆ.

'ವಿಶ್ವಾಸ'ಕ್ಕೆ ಬೇರೆ ಬಗೆಯ ಕುಲೀನತೆಯುಂಟು. ಶ್ರೀವೈಷ್ಣವರ ಶರಣಾಗತಿಯ ಅಂಗಗಳಲ್ಲಿ 'ಮಹಾವಿಶ್ವಾಸ'ವು ಒಂದು. ಭಗವಂತನು ತಪ್ಪದೆ ಕಾಯುವನೆಂಬ ನಿಶ್ಚಯವೇ ಅದು. ಈ ದೃಷ್ಟಿಯಿಂದ ಕಥೋಲಿಕರ ಪರಿಭಾಷೆಯು ಶಾಸ್ತ್ರಪರಂಪರೆಗೆ ಹತ್ತಿರವಾದುದು. ಆದರೆ ಮೈಸೂರು ಸೀಮೆಯ ಆಡುಮಾತಿನಲ್ಲಿ ವಿಶ್ವಾಸವೆಂದರೆ ಸ್ನೇಹ, ಆದರ. 'ವಿಶ್ವಾಸದಿಂದ ಮಾತಾಡಿಸಿದರು', 'ನಮ್ಮ ಮೇಲೆ ವಿಶ್ವಾಸವಿರಲಿ' ಎಂಬಲ್ಲಿ ಹೃದಯದ ಒಲವು ಮುಂದೆ ನಿಲ್ಲುತ್ತದೆ. ವಿಶ್ವಾಸದೊಡನೆ ಪ್ರೀತಿಯೂ ಕೂಡಿರಬೇಕೆಂಬುದು ಟ್ರೆಂಟಿನ ಮತವಾದುದರಿಂದ ಈ ಲೋಕಾರ್ಥವು ಕಥೋಲಿಕಪಕ್ಷಕ್ಕೆ ತಾನಾಗಿ ಒದಗಿದ ಅನುಕೂಲ. ಪ್ರಾಟೆಸ್ಟಂಟರ ನಂಬಿಕೆಯು ಒಪ್ಪಿಸುವಿಕೆಯನ್ನೂ ಕಥೋಲಿಕರ ವಿಶ್ವಾಸವು ಒಲವನ್ನೂ ಮುಂದುಮಾಡುತ್ತದೆ ಎಂದಮೇಲೆ ಪರಿಭಾಷಾಭೇದವು ರುಚಿಭೇದಮಾತ್ರವೆಂದು ಹೇಳಲಾಗದು.

'ಶ್ರದ್ಧೆ'ಯನ್ನು ಎರಡು ಪಂಥದವರೂ ಪ್ರಧಾನಸ್ಥಾನಕ್ಕೆ ತರಲಿಲ್ಲ. ವ್ಯುತ್ಪತ್ತಿಯನ್ನು ನೋಡಿದರೆ ಇದು ವಿಚಿತ್ರವೇ. ಕ್ರೈಸ್ತರ ಮತಪ್ರತಿಜ್ಞೆಯ ಲ್ಯಾಟಿನ್ ಹೆಸರಾದ 'ಕ್ರೇದೊ' ಎಂಬ ಪದವೂ ವೇದದ 'ಶ್ರದ್ಧಾ' ಶಬ್ದವೂ ಒಂದೇ ಮೂಲದವೆಂದು ಭಾಷಾಶಾಸ್ತ್ರಜ್ಞರು ಒಪ್ಪಿರುವರು. ಆದರೆ ಕನ್ನಡದಲ್ಲಿ 'ಶ್ರದ್ಧೆಯಿಂದ ಓದು' ಎಂದರೆ ಮನಸ್ಸಿಟ್ಟು, ಆಲಸ್ಯವಿಲ್ಲದೆ ಓದೆಂದು ಅರ್ಥ. ಮನುಷ್ಯಪ್ರಯತ್ನವನ್ನೇ ಮುಂದುಮಾಡುವ ಶಬ್ದವು, ಪ್ರಯತ್ನದಿಂದ ಸಿಗದುದನ್ನು ಹೇಳುವುದಕ್ಕೆ ಒದಗದು. ಅದನ್ನು ಬಿಟ್ಟುದು ಯುಕ್ತವೇ ಆಯಿತು.

ನಂಬಿಕೆಯ ವಿಭಕ್ತಿಯ ವಿಷಯದಲ್ಲಿ ಮಾತ್ರ ಆಕ್ಷೇಪಕ್ಕೆ ಎಡೆಯಿದೆ. ಕನ್ನಡಿಗನು ದೇವರನ್ನು ನಂಬುತ್ತಾನೆ. ಅಲ್ಲಿ ದ್ವಿತೀಯೆ ಸಹಜ. 'ಕ್ರಿಸ್ತನಲ್ಲಿ ನಂಬಿಕೆಯಿಡು' ಎಂಬ ಸಪ್ತಮಿಯ ಪ್ರಯೋಗ ಪರಭಾಷೆಯ ನೆರಳಿನದು. ಬಳಕೆಯಿಂದ ಕಿವಿಗೆ ಒಗ್ಗಿದ್ದರೂ 'ನಂಬು' ಎಂಬ ಒಂದು ಕ್ರಿಯೆಯನ್ನು 'ನಂಬಿಕೆ', 'ಇಡು' ಎಂದು ಎರಡಾಗಿ ಒಡೆಯುತ್ತದೆ. ಷಷ್ಠಿಯ ಕಥೆ ಇನ್ನೂ ಸ್ವಾರಸ್ಯವಾದುದು. ಪೌಲನ ಗ್ರೀಕಿನಲ್ಲಿ 'ಕ್ರಿಸ್ತನ ಪಿಸ್ತಿಸ್' ಎಂಬ ಪ್ರಯೋಗವಿದೆ. ಇದು ಕ್ರಿಸ್ತನನ್ನು ಕುರಿತ ನಂಬಿಕೆಯೋ, ಕ್ರಿಸ್ತನಲ್ಲಿಯೇ ಇದ್ದ ನಂಬಿಗಸ್ತಿಕೆಯೋ ಎಂಬ ಚರ್ಚೆಯು ಪಾಶ್ಚಾತ್ಯ ವಿದ್ವಾಂಸರಲ್ಲಿ ೧೯೮೩ರಲ್ಲಿ ರಿಚರ್ಡ್ ಹೇಸ್ ಎಂಬವರ ಗ್ರಂಥ ಬಂದಂದಿನಿಂದ ಬಲವಾಗಿ ನಡೆದಿದೆ. ಸಂಸ್ಕೃತವ್ಯಾಕರಣವನ್ನು ಬಲ್ಲವರಿಗೆ ಇದು ಹೊಸದಲ್ಲ. ಕೃದಂತಯೋಗದಲ್ಲಿ ಕರ್ತೃವಿಗೂ ಕರ್ಮಕ್ಕೂ ಷಷ್ಠಿಯನ್ನು ಪಾಣಿನಿಯೇ ವಿಧಿಸಿದ್ದಾನೆ. ಕರ್ತೃಷಷ್ಠಿಯೆಂದರೆ ಮೋಕ್ಷಕಾರಣವು ಕ್ರಿಸ್ತನ ಗುಣ. ಕರ್ಮಷಷ್ಠಿಯೆಂದರೆ ಭಕ್ತನ ಗುಣ. ಎರಡು ಪಕ್ಷಕ್ಕೂ ಎಡೆಕೊಡುವ 'ಕ್ರಿಸ್ತನ ನಂಬಿಕೆ' ಎಂಬ ಷಷ್ಠಿಯನ್ನೇ ಉಳಿಸಿಕೊಂಡರೆ ಮೂಲದ ಸಂದೇಹವು ಭಾಷಾಂತರದಲ್ಲಿಯೂ ಉಳಿಯುತ್ತದೆ. ಸಂದೇಹವನ್ನು ತೀರಿಸುವುದು ವ್ಯಾಖ್ಯಾನಕಾರನ ಕೆಲಸ, ಅನುವಾದಕನದಲ್ಲ.

೪

'ನಂಬಿಕೆ'ಯಲ್ಲಿ ತೋರಿದ ಜಾಣ್ಮೆ 'ನೀತಿ'ಯಲ್ಲಿ ಕಾಣದು. 'ದಿಕಾಯೊಸುನೆ' ಎಂಬುದಕ್ಕೆ ಸತ್ಯವೇದವು 'ನೀತಿ' ಎಂದೂ ನಿರ್ದೋಷಿಯೆಂದು ತೀರ್ಪುಪಡೆದವನಿಗೆ 'ನೀತಿವಂತ'ನೆಂದೂ ಪ್ರಯೋಗಿಸುತ್ತದೆ. ನೀತಿಯೆಂದರೆ ನಡತೆ, ನಡಸುವ ಬಗೆ. ಪಂಚತಂತ್ರ, ಕಾಮಂದಕಾದಿಗಳನ್ನು ಓದಿದವನಿಗೆ ರಾಜನೀತಿಯೂ ನೆನಪಾಗುತ್ತದೆ. ಕ್ರಿಯೆಗಳಿಲ್ಲದವನು ನಂಬಿಕೆಯಿಂದ ನೀತಿವಂತನೆನಿಸುತ್ತಾನೆಂದು ಹೇಳಿದರೆ ನಡತೆಯಿಲ್ಲದವನೇ ನಡತೆವಂತನೆಂಬ ವ್ಯಾಘಾತವು ಕನ್ನಡದ ಕಿವಿಗೆ ಬೀಳುತ್ತದೆ. ಈ ಸಿದ್ಧಾಂತವು ದುರ್ನಡತೆಗೆ ಅಪ್ಪಣೆಕೊಡುತ್ತದೆಂಬ ಆಕ್ಷೇಪವನ್ನು ಪೌಲನೇ ತನ್ನ ಪತ್ರಿಕೆಯಲ್ಲಿ ಎತ್ತಿಕೊಂಡು ಖಂಡಿಸಿದ್ದಾನೆ. ಆದರೆ ಕನ್ನಡದಲ್ಲಿ ಆ ಆಕ್ಷೇಪಕ್ಕೆ ಅರ್ಧ ಕಾರಣವು ಶಬ್ದವೇ ಆಗಿದೆ. ಮೂಲದಲ್ಲಿರುವುದು ನಡತೆಯ ವರ್ಣನೆಯಲ್ಲ, ನ್ಯಾಯಸ್ಥಾನದ ತೀರ್ಪು. ಸಾಲಗಾರನ ಲೆಕ್ಕದಲ್ಲಿ ಬೇರೊಬ್ಬನು ಕಟ್ಟಿದ ಹಣವನ್ನು ಜಮಾ ಹಿಡಿದಂತೆ, ತನ್ನದಲ್ಲದ ನಿರ್ದೋಷತ್ವವು ನಂಬುವವನ ಹೆಸರಿಗೆ ಎಣಿಕೆಯಾಗುತ್ತದೆ ಎಂಬುದು ಪೌಲನ ಅಭಿಪ್ರಾಯ. 'ಎಣಿಸು' ಎಂಬ ಕ್ರಿಯಾಪದದಲ್ಲಿ ಸತ್ಯವೇದವು ಈ ಲೆಕ್ಕದ ರೂಪಕವನ್ನು ಸರಿಯಾಗಿ ಹಿಡಿದಿದೆ; ವಿಶೇಷಣದಲ್ಲಿ ಮಾತ್ರ ಕೈತಪ್ಪಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿದ್ಧವಾಗಿ ಕಥೋಲಿಕರಲ್ಲಿ ಬಳಕೆಗೆ ಬಂದ ಸುಲಭಗನ್ನಡದ ಭಾಷಾಂತರವು ಈ ತೊಡಕನ್ನು ಕಂಡು 'ದೇವರೊಡನೆ ಸತ್ಸಂಬಂಧ' ಎಂಬ ಮಾತನ್ನು ತಂದಿತು. ವ್ಯಾಘಾತ ಹೋಯಿತು, ಅರ್ಥ ತಿಳಿಯಾಯಿತು. ಆದರೆ ನ್ಯಾಯಸ್ಥಾನವೂ ಅದರೊಡನೆ ಹೋಯಿತು. ಕಟಕಟೆಯಲ್ಲಿ ನಿಂತವನ ಭಯ, ತೀರ್ಪಿನ ಕ್ಷಣ, ಬಿಡುಗಡೆಯ ಉಸಿರು, ಇವೆಲ್ಲವೂ 'ಸಂಬಂಧ'ವೆಂಬ ಸೌಮ್ಯಶಬ್ದದಲ್ಲಿ ಕರಗಿಹೋದವು. ಹಳೆಯದರಲ್ಲಿ ರಸವಿದ್ದು ಅರ್ಥ ತೊಡಕಾಯಿತು. ಹೊಸದರಲ್ಲಿ ಅರ್ಥವಿದ್ದು ರಸ ತೆಳುವಾಯಿತು. 'ನಿರ್ದೋಷಿ' ಎಂಬ ಸುಲಭಶಬ್ದವು ಎರಡನ್ನೂ ಕಾಯಬಹುದಾಗಿತ್ತು.

೫

ಫಲವಾಚಕ ಶಬ್ದಗಳಲ್ಲಿ 'ಮೋಕ್ಷ'ವನ್ನು ಮುಂದುಮಾಡದಿದ್ದುದು ಸಕಾರಣವಾದುದು. ಮೋಕ್ಷವು ಜನ್ಮಪರಂಪರೆಯ ಬಂಧದಿಂದ ಬಿಡುಗಡೆ, ಕ್ರೈಸ್ತರಿಗೆ ಪುನರ್ಜನ್ಮವಿಲ್ಲ. ಅವರ ಬಂಧ ಪಾಪದ್ದು, ದೇವರ ತೀರ್ಪಿನದು. ಅದಕ್ಕೆ 'ರಕ್ಷಣೆ' ಒಪ್ಪುತ್ತದೆ. ಅಪಾಯದಲ್ಲಿರುವವನನ್ನು ಬೇರೊಬ್ಬನು ಕಾಯುವನೆಂಬ ಭಾವ ಅದರಲ್ಲಿ ಸ್ಪಷ್ಟ. 'ಉದ್ಧಾರ'ದಲ್ಲಿ ಮೇಲೆತ್ತುವ ಚಿತ್ರ ಸೊಗಸಾಗಿದೆಯಾದರೂ ಗೀತೆಯ ಆರನೆಯ ಅಧ್ಯಾಯವನ್ನು ಬಲ್ಲವನಿಗೆ ತನ್ನನ್ನು ತಾನೇ ಎತ್ತಿಕೊಳ್ಳಬೇಕೆಂಬ ಉಪದೇಶ ನೆನಪಾಗುತ್ತದೆ; ಹಳ್ಳಿಯವನಿಗೆ ಉದ್ಧಾರವಾಗುವುದೆಂದರೆ ಬದುಕಿನಲ್ಲಿ ಮುಂದೆ ಬರುವುದು. ಎರಡೂ ಪ್ರಕೃತಾರ್ಥಕ್ಕೆ ಅಡ್ಡಿಯೇ. ಇದಕ್ಕೆ ಪ್ರತಿಯಾಗಿ ಕಥೋಲಿಕರ 'ವರಪ್ರಸಾದ'ವು ಪ್ರಾಟೆಸ್ಟಂಟರ 'ಕೃಪೆ'ಗಿಂತ ತುಂಬಿದ ಶಬ್ದ. ವೀರಶೈವರ ಅಷ್ಟಾವರಣದಲ್ಲಿ ಪ್ರಸಾದವುಂಟು. ಮಾಧ್ವರ ಮತದಲ್ಲಿ ಜ್ಞಾನಭಕ್ತಿಗಳಿದ್ದರೂ ವಿಷ್ಣುವಿನ ಪ್ರಸಾದವಿಲ್ಲದೆ ಮುಕ್ತಿಯಿಲ್ಲ. ಕೊಡುವವನ ಪ್ರಸನ್ನತೆಯೂ ಕೊಟ್ಟ ವಸ್ತುವೂ ಒಂದೇ ಮಾತಿನಲ್ಲಿ ಸೇರಿರುವುದು ಈ ಶಬ್ದದ ಭಾಗ್ಯ.

'ಕರ್ಮದಿಂದಲ್ಲ' ಎಂಬ ನಿಷೇಧಾಂಶವು ಈ ದೇಶಕ್ಕೆ ಹೊಸತೆಂದು ಕೆಲವು ಪಾದ್ರಿಗಳು ತಿಳಿದಿದ್ದರು. ಇದು ಅರ್ಧಸತ್ಯ. ಕರ್ಮವು ಮೋಕ್ಷಕ್ಕೆ ಸಾಕ್ಷಾತ್ಸಾಧನವಲ್ಲವೆಂದು ಶಂಕರಾಚಾರ್ಯರು ಹೇಳಿ ಎಷ್ಟೋ ಶತಮಾನಗಳಾಗಿದ್ದವು. ಪರಮಾತ್ಮನು ಯಾರನ್ನು ವರಿಸುವನೋ ಅವನಿಗೇ ಲಭ್ಯನೆಂಬ ಅಭಿಪ್ರಾಯವು ಕಠೋಪನಿಷತ್ತಿನಲ್ಲಿಯೇ ಇದೆ. ಮೇಲುಕೋಟೆಯಲ್ಲಿ ರಾಮಾನುಜರು ನೆಲೆಸಿದ ಕಾಲದಿಂದ ಶರಣಾಗತಿಯ ಮಾತು ಮೈಸೂರು ಸೀಮೆಗೆ ಪರಿಚಿತ. ಮರಿಯು ತಾಯಿಯನ್ನು ಹಿಡಿಯುವ ಮರ್ಕಟನ್ಯಾಯವೋ, ತಾಯಿಯೇ ಮರಿಯನ್ನು ಕಚ್ಚಿ ಒಯ್ಯುವ ಮಾರ್ಜಾರನ್ಯಾಯವೋ ಎಂದು ವಡಗಲೆ ತೆಂಗಲೆಯವರು ನಡಸಿದ ವಿವಾದವು, ಮನುಷ್ಯಪ್ರಯತ್ನಕ್ಕೆ ಎಷ್ಟು ಎಡೆಯೆಂಬ ಐರೋಪ್ಯ ವಿವಾದಕ್ಕೆ ಹತ್ತಿರದ್ದು. ಜರ್ಮನ್ ವಿದ್ವಾಂಸ ರುಡಾಲ್ಫ್ ಓಟೋ ೧೯೩೦ರಲ್ಲಿ ಭಾರತದ ಕೃಪಾಧರ್ಮವನ್ನೂ ಕ್ರೈಸ್ತಮತವನ್ನೂ ಹೋಲಿಸಿ ಒಂದು ಗ್ರಂಥವನ್ನೇ ಬರೆದನು.

ಸಾಮ್ಯವಿದೆಯೆಂದು ಭೇದವನ್ನು ಮರೆಯಲಾಗದು. ವೀರಶೈವರ ಷಟ್‌ಸ್ಥಲದಲ್ಲಿ ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಹೇಶಸ್ಥಲಕ್ಕೆ ನಿಷ್ಠಾಭಕ್ತಿ. ಅಲ್ಲಿಂದ ಅವಧಾನ, ಅನುಭವ, ಆನಂದಗಳನ್ನು ದಾಟಿ ಐಕ್ಯಸ್ಥಲದಲ್ಲಿ ಸಮರಸಭಕ್ತಿ. ಇಲ್ಲಿ ಶ್ರದ್ಧೆಯು ಬಾಗಿಲು, ಸಾಮರಸ್ಯವು ಗರ್ಭಗುಡಿ. ಪೌಲನಲ್ಲಿ ನಂಬಿಕೆಯೇ ಬಾಗಿಲು, ನಂಬಿಕೆಯೇ ದಾರಿ; ಪ್ರೀತಿಯು ಅದರ ಫಲವೆಂದು ಅವನು ಹೇಳಿದರೂ ನಂಬುವವನು ನಂಬಿದವನೊಡನೆ ಒಂದಾಗಿಬಿಡುವ ಸ್ಥಲ ಅಲ್ಲಿಲ್ಲ. ಪ್ರಪತ್ತಿಯೊಡನೆಯೂ ಮುಖ್ಯಭೇದವೊಂದುಂಟು. ಪ್ರಪನ್ನನು ಶರಣುಹೋಗುವುದು ನಿತ್ಯನಾದ ಭಗವಂತನ ಸ್ವಭಾವವನ್ನು ನೆಚ್ಚಿ. ಕ್ರೈಸ್ತನು ನಂಬುವುದು ಪೊಂತ್ಯ ಪಿಲಾತನ ಅಧಿಕಾರಕಾಲದಲ್ಲಿ ಒಮ್ಮೆ ನಡೆದ ಒಂದು ಮರಣವನ್ನು ನೆಚ್ಚಿ. ಒಂದರ ಆಧಾರ ಸ್ವರೂಪ, ಇನ್ನೊಂದರ ಆಧಾರ ಚರಿತ್ರೆ. ಈ ಭೇದವನ್ನು ಬಿಟ್ಟು ಎಲ್ಲವೂ ಒಂದೇ ಎನ್ನುವುದು ಔದಾರ್ಯವಾಗಿ ತೋರಿದರೂ ವಿಮರ್ಶೆಯಾಗದು.

೬

ಮೈಸೂರು ದೇಶದಲ್ಲಿ ಬಹುಕಾಲ ಬಾಳಿದ ದುಬುವಾ ಪಾದ್ರಿಗಳು ೧೮೨೩ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಬೈಬಲಿನ ದೇಶಭಾಷಾಂತರಗಳನ್ನು ಕಟುವಾಗಿ ಖಂಡಿಸಿದರು. ಒರಟು ಶೈಲಿಯ ಬರಿಯ ಪುಸ್ತಕವು ಈ ಜನರಲ್ಲಿ ನಗೆಗೆ ಗುರಿಯಾಗುವುದೆಂಬುದು ಅವರ ಅಭಿಪ್ರಾಯದ ಸಾರ. ಭಾಷಾಂತರಗಳ ಮೊದಲ ರೂಪಗಳಿಗೆ ಈ ಮಾತು ಸಲ್ಲಬಹುದು. ಆದರೆ ತಿದ್ದಿ ಬಂದ ಗದ್ಯಕ್ಕೂ ಅದನ್ನೇ ಅನ್ವಯಿಸುವುದು ಅನ್ಯಾಯ. 'ನಂಬಿಕೆ'ಯಂಥ ಶಬ್ದವನ್ನು ನಿಲ್ಲಿಸಿದವರಿಗೆ ಕನ್ನಡದ ನಾಡಿ ತಿಳಿದಿತ್ತು. ಅವರಲ್ಲಿ ಕೆಲವರು ರೂಪದಲ್ಲಿಯೂ ದೇಶೀಯತೆಯನ್ನು ಬಯಸಿದರು. ಕಿಟ್ಟೆಲ್ ಪಂಡಿತರು ೧೮೬೨ರ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಯನ್ನು ಇಲ್ಲಿಯ ಛಂದಸ್ಸಿನಲ್ಲಿ ಹಾಡಿದರು. ಬನ್ಯನ್ ಕವಿಯ ಯಾತ್ರಿಕಕಥೆಯು 'ಯಾತ್ರಿಕನ ಸಂಚಾರ'ವಾಗಿ ಮಂಗಳೂರಿನ ಪಾದ್ರಿಗಳಿಂದ ಕನ್ನಡಕ್ಕೆ ಬಂದಿತು. ಪತ್ರಿಕೆಗಳ ತರ್ಕದಲ್ಲಿ ತೊಡಕಾಗಿ ಕಾಣುವ ತತ್ತ್ವವು ಈ ಕಥೆಯಲ್ಲಿ ತಿಳಿಯಾಗುತ್ತದೆ: ಯಾತ್ರಿಕನು ಶಿಲುಬೆಯ ಬಳಿಗೆ ಬಂದೊಡನೆ ಬೆನ್ನಿನ ಹೊರೆ ತಾನಾಗಿ ಕಳಚಿಬೀಳುತ್ತದೆ, ಕಷ್ಟದ ದಾರಿಯ ಬಹುಭಾಗವು ಅದಾದಮೇಲೆಯೇ ಇರುವುದು. ನಂಬಿಕೆಯಿಂದ ಬಿಡುಗಡೆಯಾದವನೇ ನಡೆಯಲು ಶಕ್ತನಾಗುತ್ತಾನೆಂಬ ಕ್ರಮವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಸತ್ಕ್ರಿಯೆಯು ಬಿಡುಗಡೆಯ ಬೆಲೆಯಲ್ಲ, ಅದರ ಫಲ.

ಕ್ರೈಸ್ತೇತರ ಕವಿಗಳು ಮಾಡಿದ ಆಯ್ಕೆ ಗಮನಾರ್ಹವಾಗಿದೆ. ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಕ್ರಿಸ್ತನ ಕಡೆಯ ದಿನವನ್ನು ವಿಷಯವಾಗಿ ಹಿಡಿಯಿತು. ಅಲ್ಲಿ ಮರಣದ ಕರುಣರಸವುಂಟು. ಆ ಮರಣವನ್ನು ನಂಬಿದವನ ಲೆಕ್ಕಕ್ಕೆ ಅದು ಜಮಾ ಆಗುವುದೆಂಬ ಪೌಲನ ವಾದವು ಕಾವ್ಯದ ಗುರಿಯಲ್ಲ. ಕನ್ನಡ ಸಾಹಿತ್ಯವು ಕ್ರಿಸ್ತನ ನೋವನ್ನು ಸ್ವೀಕರಿಸಿ ಕ್ರಿಸ್ತಸಿದ್ಧಾಂತವನ್ನು ಸಭೆಗಳಿಗೆ ಬಿಟ್ಟಿತು. ರಸದೃಷ್ಟಿಯಿಂದ ಇದು ಸಹಜವೇ ಆದರೂ ವಿದ್ವಾಂಸರಿಗೆ ಇಷ್ಟರಿಂದ ತೃಪ್ತಿಯಾಗಬಾರದು. ೧೯೪೭ರಲ್ಲಿ ಲಂಡನ್ ಮಿಷನ್ನಿನ ಪರಂಪರೆಯವರೂ ವೆಸ್ಲಿಯನ್ನರೂ ದಕ್ಷಿಣ ಇಂಡಿಯಾ ಸಭೆಯಲ್ಲಿ ಒಂದಾದರು. ಅನಂತರ ಕಥೋಲಿಕರ ಪೂಜಾವಿಧಿಯೂ ಕನ್ನಡಕ್ಕೆ ತಿರುಗಿತು. ಎರಡು ಶತಮಾನಗಳಿಂದ ವಾರವಾರವೂ ಗಟ್ಟಿಯಾಗಿ ಓದಿ ಕೇಳಲ್ಪಡುತ್ತಿರುವ ಗದ್ಯವು ಕನ್ನಡದಲ್ಲಿ ಬಹಳವಿಲ್ಲ.

ಆದುದರಿಂದ ಕನ್ನಡ ಅಧ್ಯಾಪಕರು ಮಾಡತಕ್ಕ ಕೆಲಸವೊಂದಿದೆ. ಭಕ್ತಿ, ಪ್ರಸಾದ, ನಂಬುಗೆಗಳನ್ನು ವಚನ, ದಾಸರ ಪದಗಳ ಪಾಠದಲ್ಲಿ ವಿವರಿಸುವಾಗ ಅವೇ ಶಬ್ದಗಳು ಕ್ರೈಸ್ತಗದ್ಯದಲ್ಲಿ ಪಡೆದ ಗತಿಯನ್ನೂ ತೋರಿಸಬೇಕು. ಯಾರ ಮತವನ್ನು ಯಾರು ಒಪ್ಪಬೇಕೆಂಬುದು ಇಲ್ಲಿಯ ಪ್ರಶ್ನೆಯಲ್ಲ. ಒಬ್ಬರ ಸಿದ್ಧಾಂತವನ್ನು ಇನ್ನೊಬ್ಬರು ತಪ್ಪಾಗಿ ತಿಳಿದು ಖಂಡಿಸುವುದಕ್ಕೂ ತಪ್ಪಾಗಿ ತಿಳಿದು ಹೊಗಳುವುದಕ್ಕೂ ಒಂದು ಶಬ್ದದ ಅಜ್ಞಾನವೇ ಸಾಕಾಗುತ್ತದೆ. ನಂಬಿಕೆಯೆಂದರೆ ಕ್ರಿಯೆಯನ್ನು ಬಿಡುವುದೆಂದು ತಿಳಿದವನು ಪೌಲನನ್ನು ತಿಳಿದಂತಾಗಲಿಲ್ಲ. ಪ್ರಸಾದವೆಂದರೆ ಕರ್ಮದ ಕೂಲಿಯೆಂದು ತಿಳಿದವನು ಈ ದೇಶದ ಆಚಾರ್ಯರನ್ನು ತಿಳಿದಂತಾಗಲಿಲ್ಲ. ಪೂರ್ವಪಕ್ಷವನ್ನು ಅದರವರಿಗಿಂತಲೂ ಚೆನ್ನಾಗಿ ಹೇಳಿ ಅನಂತರ ಸಿದ್ಧಾಂತಕ್ಕೆ ಹೋಗುವುದು ನಮ್ಮ ಶಾಸ್ತ್ರಗಳ ಕ್ರಮ. ಆ ಕ್ರಮವು ಪಾದ್ರಿಗಳ ಕನ್ನಡಕ್ಕೂ ಸಲ್ಲಬೇಕು.